ಮಾಂತ್ರಿಕ ಸತ್ತ ಮೇಲೆ

ನನ್ನ ನೆನಪನ್ನು ನಾನು ನಂಬುವುದಿಲ್ಲ ಎಂದರೆ ಕೇಳಿದವರು ಅದನ್ನು ವಿನಯವೆಂದು ತಿಳಿದು ತಲೆದೂಗುತ್ತಾರೆ. ನನ್ನ ಹೆಂಡತಿ ಗಿರಿಜಾ ಒಬ್ಬಳೇ ಅದನ್ನು ಇದ್ದ ಸಂಗತಿಯೆಂದು ಒಪ್ಪಿಕೊಂಡಿರುವವಳು. ಸಂತೆಯಿಂದ ಏನು ತರಬೇಕೆಂದು ನನಗೆ ಹೇಳುವುದನ್ನು ಆಕೆ ಬಿಟ್ಟು ಬಹಳ ಕಾಲವಾಯಿತು. ಹೇಳಿದರೆ ನಾನು ಬೇರೆ ಏನನ್ನೋ ತಂದು, ‘ನೀನು ಇದನ್ನೇ ಹೇಳಿದ್ದು’ ಎಂದು ವಾದಕ್ಕೆ ನಿಲ್ಲುತ್ತೇನೆ. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ, ಈಗ ರಾಯಚೂರಿನ ಕಾಲೇಜಿನಲ್ಲಿ ಅದನ್ನೇ ಕಲಿಸುವುದರ ಲಾಭ ಇದು: ಮರೆತದ್ದಕ್ಕೂ ಒಂದು ಸಿದ್ಧಾಂತ ಸಿಗುತ್ತದೆ. ನಮ್ಮ ಹಳೆಯ ತರ್ಕಪಂಡಿತರಾದ ನೈಯಾಯಿಕರು ನೆನಪನ್ನು ನಿಜವಾದ ಜ್ಞಾನದ ಪಂಕ್ತಿಯಲ್ಲಿ ಕೂರಿಸಲೇ ಇಲ್ಲ. ಕಣ್ಣಿಗೆ ಕಂಡದ್ದಕ್ಕೆ ಎಲೆ ಹಾಕಿದರು, ಸರಿಯಾಗಿ ಊಹಿಸಿದ್ದಕ್ಕೂ ಹಾಕಿದರು. ನೆನಪನ್ನು ಮಾತ್ರ ತಂಗಳೆಂದು ಹೊರಗಿಟ್ಟರು. ಇದನ್ನೆಲ್ಲ ನಾನು ವಿವರಿಸಿ ಮುಗಿಸಿದಾಗ ಗಿರಿಜಾ, “ಅಂದ್ರ ಕೊತ್ತಂಬರಿ ಮರ್ತು ಬಂದೀರಿ ಅಂತ ಆತು” ಎಂದಳು.

ಇಂಥವನನ್ನು ಹೋದ ತಿಂಗಳು ಒಬ್ಬ ಗೆಳೆಯ ಸಾಕ್ಷಿ ಹೇಳಲು ಕರೆದ. ಕೋರ್ಟಿಗಲ್ಲ, ಒಂದು ಕಂಪ್ಯೂಟರ್ ಆಟದ ಕೊನೆಗೆ.

ಗೆಳೆಯನ ಹೆಸರು ಖಾಜಾ. ಮಾನ್ವಿಯ ಬಜಾರಿನಲ್ಲಿ ಅವನದೊಂದು ಭಾಂಡೆ ಅಂಗಡಿ ಇದೆ. ಸ್ಟೀಲಿನ ಕೊಡ, ಪರಾತ, ಕುಕ್ಕರು, ಡಬ್ಬಿ ಎಂದು ಒಳಗೆ ಎಷ್ಟು ಸಾಮಾನೆಂದರೆ, ಕಾಲಿಟ್ಟ ಗಿರಾಕಿಗೆ ತನ್ನದೇ ಮುಖ ಉದ್ದ, ಅಡ್ಡ, ಸೊಟ್ಟ ಎಲ್ಲ ಆಕಾರದಲ್ಲೂ ಎದುರಾಗುತ್ತದೆ. ಡಿಗ್ರಿ ಓದುವಾಗ ನಾವಿಬ್ಬರೂ ರಾಯಚೂರಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ನಮಗಿಂತ ಮೊದಲು ಅಲ್ಲಿದ್ದವರು ಒಂದು ಕಂಪ್ಯೂಟರನ್ನು ಬಿಟ್ಟು ಹೋಗಿದ್ದರು, ಅದರೊಳಗೆ ಈ ಆಟವನ್ನೂ ಬಿಟ್ಟು ಹೋಗಿದ್ದರು. ರಾಯಚೂರಿನ ಬೇಸಿಗೆಗೆ ಆ ಯಂತ್ರ ನಮಗಿಂತ ಮೊದಲು ಮೂರ್ಛೆ ಹೋಗುತ್ತಿತ್ತು. ಹಾಗಾಗಿ ಅದರ ಪಕ್ಕದ ತಗಡು ಬಿಚ್ಚಿ, ಇದ್ದೊಂದು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ, ನಾವು ರಟ್ಟಿನಿಂದ ಗಾಳಿ ಬೀಸಿಕೊಂಡು ಆಡುತ್ತಿದ್ದೆವು.

ಆಟದ ಕತೆ ಇಷ್ಟು. ಒಂದು ರಾಜ್ಯ. ಅಲ್ಲಿನ ಕರಿಕಲ್ಲಿನ ಕೋಟೆಯೊಳಗೆ ಒಬ್ಬ ಮಾಂತ್ರಿಕ ಕೂತು ಊರೂರಿನ ಬೆಳಕನ್ನು ಹೀರುತ್ತಿರುತ್ತಾನೆ (ನಮ್ಮ ಕಡೆ ಕರೆಂಟ್ ಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ). ಆಡುವವನೇ ಕಥಾನಾಯಕ. ಹೆಸರು, ಮುಖ, ಮೀಸೆ ಎಲ್ಲವನ್ನೂ ತಾನೇ ಆರಿಸಿಕೊಳ್ಳಬೇಕು. ಊರೂರು ತಿರುಗಿ, ಜನರ ಕೆಲಸ ಮಾಡಿಕೊಟ್ಟು, ಔಷಧಿ, ಕತ್ತಿ, ಕವಚ ಕೂಡಿಸಿಕೊಂಡು ಕೊನೆಗೆ ಕೋಟೆಯ ಬಾಗಿಲಿಗೆ ಹೋಗಿ ನಿಲ್ಲಬೇಕು. ನಡುವೆ ಒಂದು ನದಿ ಬರುತ್ತದೆ. ಅದನ್ನು ದಾಟಿಸುವ ದೋಣಿಯ ಹುಡುಗಿ ಕೊನೆಯವರೆಗೂ ಜೊತೆಗಿರುತ್ತಾಳೆ. ನಾವು ದಾರಿ ತಪ್ಪಿದಾಗಲೆಲ್ಲ ನಗುವುದು ಅವಳ ಸ್ವಭಾವ. ಅವಳಿಗೆ ಇಟ್ಟಿದ್ದ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಖಾಜಾ ಅವಳನ್ನು ‘ದೋಣಿಯಾಕಿ’ ಎಂದ. ಅದೇ ನಿಂತಿತು.

ಖಾಜಾನ ನಾಯಕ ಇನ್ನೂ ನದಿಯ ಈಚೆ ಇದ್ದಾಗಲೇ ಅವನ ತಂದೆಗೆ ಸೊಂಟ ಹಿಡಿಯಿತು. ಅಂಗಡಿ ನೋಡಿಕೊಳ್ಳಲು ಅವನು ಮಾನ್ವಿಗೆ ಹೋದ, ಪರೀಕ್ಷೆಗೆ ಮಾತ್ರ ಬಂದ. ನಾನು ಕೋಣೆಯಲ್ಲೇ ಉಳಿದು ಆಟ ಮುಗಿಸಿದೆ. ಮುಗಿಸಿದೆ ಎಂದೇ ನನ್ನ ನೆನಪು.

ಈಗ ಅದೇ ಆಟಕ್ಕೆ ಹೊಸ ಬಣ್ಣ ಬಳಿದು ಮತ್ತೆ ಬಿಟ್ಟಿದ್ದಾರೆ. ಖಾಜಾ ಅದನ್ನು ಅಂಗಡಿಯ ಬಿಲ್ಲಿಗೆಂದು ತಂದ ಲ್ಯಾಪ್‌ಟಾಪಿಗೆ ಹಾಕಿಕೊಂಡ. ಮಧ್ಯಾಹ್ನ ಉಂಡ ಮೇಲೆ ಮಾನ್ವಿಯ ಬಜಾರು ಕಣ್ಣು ಮುಚ್ಚುತ್ತದಲ್ಲ, ಆಗ ಗಲ್ಲಾದ ಹಿಂದೆ ಕೂತು ಆಡುತ್ತಾನೆ. ಹೀಗೆ ಆಡುತ್ತ ಆಡುತ್ತ ಕೋಟೆಯ ತನಕ ಬಂದು, ಒಂದು ದಿನ ನನಗೆ ಫೋನು ಮಾಡಿದ.

“ಲೇ ಪ್ರೊಫೆಸರ್, ಬಾಗಲ ಮುಂದ ನಿಂತೀನಿ.”

ನಾನು ಎದ್ದು ನಮ್ಮ ಮನೆಯ ಬಾಗಿಲು ತೆಗೆಯಲು ಹೋದೆ. “ಎಲ್ಲಿದ್ದೀ? ಕಾಣವಲ್ಲಿ?”

“ನಿನ್ನ ಬಾಗಲ ಅಲ್ಲಪಾ, ಮಾಂತ್ರಿಕಂದು. ಒಳಗ ಹೋದ್ರ ವಾಪಸ್ ಬರಾಕ ಆಗಾಂಗಿಲ್ಲ ಅಂತ ಬರದದ. ನೀ ಮುಗಿಸೀದಿ ಹೌದಿಲ್ಲೋ? ಕಡಿಗಿ ಚಲೋ ಆಗ್ತದೇನು ಹೇಳು.”

“ಆಗ್ತದ.”

“ನೋಡು, ಕೆಟ್ಟ ಮುಗಿತದ ಅಂದ್ರ ಈಗ ಹೇಳಿಬಿಡು. ಬಾಗಲ ತಗ್ಯಾಂಗಿಲ್ಲ ನಾ. ಇಷ್ಟು ವರ್ಷ ಆ ದೋಣಿಯಾಕಿನ್ನ ದಂಡಿಗಿ ಕುಂದ್ರಿಸಿ ಬಂದೀನಿ ಅಂತ ತಲ್ಯಾಗ ಇತ್ತು. ಈಗ ಕರ್ಕೊಂಡು ಹೋಗಿ ಆಕಿಗಿ ಏನರ ಆದ್ರ ಚಲೋ ಅಲ್ಲ.”

“ಏನೂ ಆಗಾಂಗಿಲ್ಲ” ಎಂದೆ. “ಮಾಂತ್ರಿಕ ಸಾಯ್ತಾನ. ಊರ ಮಂದಿ ಎಲ್ಲಾ ಹೊಳಿ ದಂಡಿಗಿ ಕೂಡ್ತಾರ. ದೀಪ ಹಚ್ಚತಾರ. ದೋಣಿಯಾಕಿ ನಡುವ ನಿಂತು ನಗತಿರ್ತಾಳ. ಆಮ್ಯಾಲ ಊಟ.”

“ಖರೇ?”

“ಕಣ್ಣಾರೆ ನೋಡೀನಿ.”

“ಮೊಬೈಲ್ ನೋಡಿ ಹೇಳಾಕತ್ತಿಲ್ಲ ಹೌದಿಲ್ಲೋ? ಅದರಾಗ ಹುಡುಕಬ್ಯಾಡ. ನೀ ನೋಡಿದ್ದು ಅಷ್ಟ ಸಾಕು ನನಗ. ಐತ್ವಾರ ಬಾ, ಇಬ್ಬರೂ ಕೂಡೇ ಬಾಗಲ ತಗಿಯೋಣು.”

ಫೋನಿಟ್ಟ ಮೇಲೆ ನನಗೆ ಸಮಾಧಾನವಾಗಬೇಕಿತ್ತು. ಆದರೆ ಅನುಮಾನಪಡಲು ಸಂಬಳ ತೆಗೆದುಕೊಳ್ಳುವವನ ಮನಸ್ಸು ಅಷ್ಟು ಬೇಗ ಕೂರುವುದಿಲ್ಲ. ದೀಪ ಹಚ್ಚಿದರು ಎಂದೆನಲ್ಲ, ಯಾರು ಹಚ್ಚಿದರು? ಯೋಚಿಸಿದಷ್ಟೂ ಆ ದೀಪ ಹಿಡಿದ ಕೈ ನಮ್ಮೂರಿನ ಬಯಲಾಟದ ಮೇಳದವರ ಕೈಯಂತೆ ಕಾಣತೊಡಗಿತು.

ನಾನು ಹುಟ್ಟಿ ಬೆಳೆದದ್ದು ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ. ಅಲ್ಲಿ ಬಯಲಾಟ ಮುಗಿಯುವ ಹೊತ್ತಿಗೆ ಹೊತ್ತು ಮೂಡುತ್ತಿತ್ತು. ರಕ್ಕಸನನ್ನು ಕೊಂದ ಮೇಲೂ ಜನ ಏಳುತ್ತಿರಲಿಲ್ಲ, ಮಂಗಳಾರತಿ ಆಗಬೇಕು. ಆಗ ಸತ್ತ ರಕ್ಕಸ ಎದ್ದು, ಬೆವರು ಒರೆಸಿಕೊಂಡು, ತನ್ನನ್ನು ಕೊಂದವನ ಪಕ್ಕದಲ್ಲೇ ಕೈಮುಗಿದು ನಿಲ್ಲುತ್ತಿದ್ದ. ರಕ್ಕಸನ ಪಾತ್ರದವರು ದೇವದುರ್ಗದ ಕಡೆಯವರು, ಆರತಿ ಮುಗಿದ ಕೂಡಲೇ ನಮ್ಮಪ್ಪನ ಹತ್ತಿರ ಬಂದು ಚಹಾ ಕೇಳುತ್ತಿದ್ದರು. ಅದನ್ನು ನೋಡಿದ ಮೇಲೇ ನನಗೆ ನಿದ್ದೆ ಬರುತ್ತಿದ್ದದ್ದು. ಸಂಸ್ಕೃತ ನಾಟಕಗಳ ಕೊನೆಗೆ ಭರತವಾಕ್ಯ ಎಂದು ಬರುತ್ತದೆ: ಮಳೆಯಾಗಲಿ, ಬೆಳೆಯಾಗಲಿ, ಎಲ್ಲರೂ ಚೆನ್ನಾಗಿರಲಿ. ಪಂಡಿತರು ಅದಕ್ಕೆ ದೊಡ್ಡ ದೊಡ್ಡ ಅರ್ಥ ಹೇಳುತ್ತಾರೆ. ನನಗೆ ಅದರ ಅರ್ಥ ಇಷ್ಟೇ: ಹೆದರಬೇಡಿ, ಯಾರೂ ಸತ್ತಿಲ್ಲ, ಮನೆಗೆ ಹೋಗಿ ಮಲಗಿ.

ಈಗ ನೀವೇ ಹೇಳಿ. ಹೊಳೆ ದಂಡೆ, ದೀಪ, ಕೂಡಿದ ಜನ, ಸಾಯಬಹುದಾಗಿದ್ದವಳು ನಗುತ್ತ ನಿಂತಿರುವುದು. ಇದು ಪರದೇಶದ ಯಾವುದೋ ಕಂಪನಿಯವರು ಮಾಡಿದ ಆಟದ ಕೊನೆಯೋ, ಗಬ್ಬೂರಿನ ಮಂಗಳಾರತಿಯೋ? ಎರಡನ್ನೂ ನನ್ನ ತಲೆ ಒಂದೇ ಡಬ್ಬಿಯಲ್ಲಿ ಹಾಕಿಟ್ಟಿದ್ದರೆ?

ಹುಡುಕಬೇಡ ಎಂದು ಖಾಜಾ ಹೇಳಿದ್ದರೂ ನಾನು ಮೊಬೈಲಿನಲ್ಲಿ ಸ್ವಲ್ಪ ಇಣುಕಿದೆ. ಇಣುಕಿದ್ದು ದಂಡವಾಯಿತು. ಅಲ್ಲಿ ಆಡಿದವರೆಲ್ಲ ಕೂಡಿ ಇದೇ ಆಟದ ಕೊನೆಯ ಬಗ್ಗೆ ಜಗಳವಾಡುತ್ತಿದ್ದರು. ಒಬ್ಬ, ಇದಕ್ಕಾಗಿ ನನ್ನ ಹರೆಯ ಸುಟ್ಟೆನೇ ಎಂದು ಅತ್ತಿದ್ದ. ಇನ್ನೊಬ್ಬ, ನಿನಗೆ ಅರ್ಥವಾಗಿಲ್ಲ ಎಂದಿದ್ದ. ಮತ್ತೊಬ್ಬ, ಕೊನೆಯನ್ನು ಬದಲಿಸಿಕೊಡಿ ಎಂದು ಕಂಪನಿಗೆ ಮನವಿ ಮಾಡಿದ್ದ. ಆದರೆ ಕೊನೆ ಏನೆಂದು ಬಾಯಿಬಿಡುವುದು ಆ ಮಂದಿಯಲ್ಲಿ ಮಹಾಪಾಪವಂತೆ. ಏನಾಗುತ್ತದೆ ಎಂಬುದೊಂದನ್ನು ಬಿಟ್ಟು ಅದು ಎಷ್ಟು ಕೆಟ್ಟದ್ದು, ಎಷ್ಟು ಒಳ್ಳೆಯದು ಎಂಬುದನ್ನೆಲ್ಲ ಹೇಳಿದ್ದರು. ನಮ್ಮ ಸಾಹಿತ್ಯ ವಿಮರ್ಶೆಯನ್ನು ಓದಿ ಅಭ್ಯಾಸವಿದ್ದುದರಿಂದ ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ.

ಭಾನುವಾರ ಬಸ್ಸು ಹತ್ತಿದೆ. ನಿಜವನ್ನು ಹೇಳಿಬಿಡಬೇಕು, ಬಾಗಿಲು ತೆಗೆಯುವ ಮೊದಲೇ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಕಟ್ಟಿದೆ. ನೀರಮಾನ್ವಿಯಲ್ಲಿ ಯಲ್ಲಮ್ಮನ ಗುಡಿಗೆ ಹೋಗುವವರು ಇಳಿದು ಬಸ್ಸು ಖಾಲಿಯಾದಾಗ ಒಮ್ಮೆ ಗಟ್ಟಿಯಾಗಿಯೇ ಹೇಳಿಕೊಂಡು ನೋಡಿದೆ. ಕಂಡಕ್ಟರ್ ತಿರುಗಿ, “ಏನ್ರೀ ಸರ?” ಎಂದ. “ಏನಿಲ್ಲ” ಎಂದೆ.

ಅಂಗಡಿಯಲ್ಲಿ ಖಾಜಾ ಲ್ಯಾಪ್‌ಟಾಪನ್ನು ಬೋರಲು ಹಾಕಿದ ದೊಡ್ಡ ಪಾತೇಲಿಯ ಮೇಲೆ ಇಟ್ಟುಕೊಂಡು ಕೂತಿದ್ದ. ಅವನ ಹೆಂಡತಿ ಶಬಾನಾ ಪಕ್ಕದ ಸ್ಟೂಲಿನ ಮೇಲೆ ಕೂತು ಚಮಚಗಳನ್ನು ಬಿಡಿಸಿ ಕಟ್ಟುತ್ತಿದ್ದರು. ತೆರೆಯ ಮೇಲೆ ಖಾಜಾನ ನಾಯಕ ಕೋಟೆಯ ಹತ್ತಿರ ಎಲ್ಲೂ ಇರಲಿಲ್ಲ. ಎಲ್ಲೋ ಒಂದು ಹಳ್ಳಿಯಲ್ಲಿ, ಒಂದು ಗುಡಿಸಲಿನಿಂದ ಹೊರಬಂದು ಇನ್ನೊಂದು ಗುಡಿಸಲಿಗೆ ಹೋಗುತ್ತಿದ್ದ.

“ಬಾಗಲ ಮುಂದ ಇದ್ದಿ ಅಲ್ಲ?” ಎಂದೆ.

“ಹೇಳಿ ಬರಾಕ ಬಂದೀನಿ. ವಾಪಸ್ ಬರಾಂಗಿಲ್ಲ ಅಂದ್ಮ್ಯಾಲ ಹೇಳದ ಹೋಗಾಕ ಬರ್ತದೇನು?”

ಶಬಾನಾ, “ಕೈಕು ಜೀ ಯೇ ಸಬ್,” ಯಾಕೆ ಬೇಕು ಇದೆಲ್ಲ ಎಂದು ಗಂಡನಿಗೆ ದಖನಿಯಲ್ಲಿ ಕೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ದೂರು ಮುಂದುವರಿಸಿದರು. “ಮೊನ್ನಿಯಿಂದ ಇದಾ ನಡದದ ಅಣ್ಣಾರ. ನಮ್ಮ ಮಂದಿ ಹಜ್‌ಗೆ ಹೋಗಾಗ ಸೈತ ಇಷ್ಟು ಮನಿ ತಿರುಗಾಂಗಿಲ್ಲ. ಆ ದೋಣಿಯಾಕಿ ಹೆಸರು ಮರ್ತಿಲ್ಲ ನೋಡ್ರಿ ಇವರು, ನಮ್ಮ ಮದಿವಿ ತಾರೀಖು ಕೇಳ್ರಿ, ಗೊತ್ತಿಲ್ಲ.”

“ಆಕಿ ಹೆಸರೂ ಗೊತ್ತಿಲ್ಲ, ನಾನಾ ಇಟ್ಟಿದ್ದು ಅದು” ಎಂದ ಖಾಜಾ. ಇದರಿಂದ ಅವನ ಪಕ್ಷಕ್ಕೆ ಏನು ಬಲ ಬಂತೋ ತಿಳಿಯಲಿಲ್ಲ.

ಗಮನಿಸಿ ನೋಡಿದೆ. ಅವನು ಹೋದ ಮನೆಯಲ್ಲೆಲ್ಲ ಏನಾದರೂ ಕೊಟ್ಟು ಬರುತ್ತಿದ್ದ. ಖಾನಾವಳಿಯ ಮುದುಕಿಗೆ ಗಾಯ ಮಾಯುವ ಔಷಧಿಯ ಶೀಸೆಗಳು. ಕಮ್ಮಾರನಿಗೆ ಬೆಂಕಿಯುಗುಳುವ ಕತ್ತಿ. ಜೌಗಿನ ಹತ್ತಿರದ ವಿಧವೆಗೆ ಕವಚ, ಅದನ್ನು ಆಕೆ ಏನು ಮಾಡಿಕೊಳ್ಳುತ್ತಾಳೋ ದೇವರೇ ಬಲ್ಲ. ಯಾಕೆಂದು ಕೇಳಿದರೆ, ಮಂದಿಯ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂದ. ಕೊಟ್ಟಾಗಲೆಲ್ಲ ಅವರು ಇಂಗ್ಲಿಷಿನಲ್ಲಿ ಅದೇ ಒಂದು ಮಾತು ಹೇಳುತ್ತಿದ್ದರು, ನಿನ್ನ ದಾರಿ ಸುಗಮವಾಗಲಿ ಎಂಬ ಅರ್ಥದ್ದು. ಅದನ್ನು ಕೇಳಿ ಖಾಜಾ ಪ್ರತಿ ಸಲವೂ, “ಆಗ್ಲಿ ಯವ್ವಾ, ಬರ್ತೀನಿ” ಎನ್ನುತ್ತಿದ್ದ. ‘ಹೋಗ್ತೀನಿ’ ಎಂದು ಒಂದು ಸಲವೂ ಅನ್ನಲಿಲ್ಲ. ನಮ್ಮ ಕಡೆ ಹಾಗನ್ನುವುದಿಲ್ಲ.

ಚಹಾ ಬಂತು. ಕುಡಿಯುತ್ತ ಕುಡಿಯುತ್ತ ಧೈರ್ಯ ತಂದುಕೊಂಡೆ.

“ಖಾಜಾ, ಒಂದು ಮಾತು. ಫೋನಿನ್ಯಾಗ ನಾ ಹೇಳಿದ್ದು ಆಟದ್ದಲ್ಲೇನೋ ಅಂತ ಡೌಟ್ ಬಂದದ. ನಮ್ಮೂರ ಬಯಲಾಟದ್ದು ಇರಬೇಕು.”

ಖಾಜಾ ಕೀಲಿಮಣೆಯಿಂದ ಕೈ ತೆಗೆದ. “ಅಂದ್ರ?”

“ಅಂದ್ರ ದೋಣಿಯಾಕಿ ಬದುಕ್ತಾಳಂತ ಗ್ಯಾರಂಟಿ ಇಲ್ಲ.”

ಶಬಾನಾ ಚಮಚಗಳ ಮೇಲೆ ಬಗ್ಗಿ ನಕ್ಕರು. “ಅಣ್ಣಾರಿಗಿ ಕಂಪ್ಯೂಟರ್‌ನ್ಯಾಗ ಗಬ್ಬೂರು ಕಂಡದ ನೋಡ್ರಿ!”

ಖಾಜಾ ನಗಲಿಲ್ಲ. “ಕಣ್ಣಾರೆ ನೋಡೀನಿ ಅಂದ್ಯೆಲ್ಲಲೇ. ಈಗ ಹೇಳ್ತಿ?”

“ಇನ್ನೂ ಬಾಗಲ ತಗದಿಲ್ಲಲ್ಲ. ಬಿಟ್ಟುಬಿಡು.”

“ಹೆಂಗ ಬಿಡ್ಲಿ? ಊರಾಗ ಎಲ್ಲಾರಿಗೂ ಹೇಳಿ ಬಂದೀನಿ. ಹೇಳಿ ಬಂದ ಮ್ಯಾಲ ಹೋಗದ ಉಳುದ್ರ ನಾಳಿ ಅವರ ಎದುರಿಗಿ ತಿರುಗ್ಯಾಡೋದು ಹೆಂಗ?”

ಬೀಳ್ಕೊಂಡು ಹೊರಟವನ ಬಸ್ಸು ಕೆಟ್ಟು, ಅವನು ಮತ್ತೆ ಅದೇ ಬೀದಿಯಲ್ಲಿ ಮುಖ ತೋರಿಸಬೇಕಾಗಿ ಬಂದರೆ ಆಗುವ ಸಂಕಟ ನಮ್ಮೆಲ್ಲರಿಗೂ ಗೊತ್ತಿದ್ದದ್ದೇ. ಖಾಜಾ ನಾಯಕನನ್ನು ಕೋಟೆಗೆ ನಡೆಸಿದ. ದೋಣಿಯಾಕಿ ಹಿಂದೆ ಬಂದಳು. ‘ಬಿಸ್ಮಿಲ್ಲಾ’ ಎಂದು ಬಾಗಿಲು ತೆಗೆದ.

ಕಾಳಗದ ವರ್ಣನೆ ಬೇಡ. ಮಾಂತ್ರಿಕನ ಮೊದಲ ಏಟಿಗೇ ನಾಯಕ ಕುಸಿದ.

“ಔಷಧಿ ಕುಡಿಲೇ!” ಎಂದು ಕಿರುಚಿದೆ.

“ಎಲ್ಲದ? ಮುದುಕಿಗಿ ಕೊಟ್ಟೀನಿ.”

“ಕತ್ತಿ ತಗಿ!”

“ಕಮ್ಮಾರನ ಹತ್ರ ಅದ.”

“ಎಪ್ಪಾ! ಯಾರರ ಯುದ್ಧಕ್ಕ ಹೋಗಾಗ ಕತ್ತಿ ದಾನ ಮಾಡಿ ಹೋಗ್ತಾರೇನು?”

ಮಾಂತ್ರಿಕ ಮತ್ತೆ ಕೈ ಎತ್ತಿದ. ಆಗ ದೋಣಿಯಾಕಿ ಓಡಿಬಂದು ನಡುವೆ ನಿಂತಳು. ಏಟು ಅವಳಿಗೆ ಬಿತ್ತು. ಆ ಸಂದಿನಲ್ಲಿ ಖಾಜಾ ಕೈಯಲ್ಲಿದ್ದ ತುಕ್ಕು ಹಿಡಿದ ಚೂರಿಯಿಂದಲೇ ಮಾಂತ್ರಿಕನನ್ನು ಹೇಗೋ ಮುಗಿಸಿದ. ಊರೂರಿಗೆ ಬೆಳಕು ಬಂತು. ಅವಳು ಏಳಲಿಲ್ಲ. ತೆರೆ ಕಪ್ಪಾಯಿತು, ಸಂಗೀತ ಬಂತು, ಆಟ ಮಾಡಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೋಗತೊಡಗಿದವು. ಮಂಗಳಾರತಿಯೂ ಇಲ್ಲ, ಊಟವೂ ಇಲ್ಲ.

ಶಬಾನಾರ ಕೈಯಲ್ಲಿ ಕಟ್ಟಬೇಕಿದ್ದ ಚಮಚ ಹಾಗೇ ಇತ್ತು. ಅಷ್ಟರಲ್ಲಿ ಹಿರೇಕೊಟ್ನೆಕಲ್ಲಿನ ಹಿರಿಯರೊಬ್ಬರು ಬಂದು ಕುಕ್ಕರಿನ ರಬ್ಬರು ಕೇಳಿದರು.

“ತಡೀರಿ ಯಪ್ಪಾ” ಎಂದ ಖಾಜಾ, ತೆರೆಯಿಂದ ಕಣ್ಣು ತೆಗೆಯದೆ. “ನಮ್ಮೋರೊಬ್ಬರು ತೀರ್ಕೊಂಡಾರ.”

ಹಿರಿಯರು ಚಪ್ಪಲಿ ಬಿಟ್ಟು ಒಳಗೆ ಬಂದು, ಒಂದು ಬಕೀಟನ್ನು ಬೋರಲು ಹಾಕಿಕೊಂಡು ಕೂತರು. “ವಯಸ್ಸಾಗಿತ್ತೇನು?” ಎಂದರು.

“ಇಲ್ರೀ, ಹುಡುಗಿ. ದೋಣಿ ನಡಸ್ತಿದ್ಲು.”

“ಅಯ್ಯ ಶಿವನ” ಎಂದು ಅವರು ತಲೆ ತಗ್ಗಿಸಿದರು. “ನೀರಿನ ಕೆಲಸಾನ ಹಂಗ.”

ಶಬಾನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಕ್ಕರೋ ಅತ್ತರೋ ನಾನು ವಿಚಾರಿಸಲಿಲ್ಲ. ನನಗೆ ಖಾಜಾನ ಮುಖ ನೋಡಲು ಆಗುತ್ತಿರಲಿಲ್ಲ. ಊರಿಗೆಲ್ಲ ಮರ್ಯಾದೆಯಿಂದ ಹೇಳಿ ಹೊರಟ ಮನುಷ್ಯನಿಗೆ ಆ ಮರ್ಯಾದೆಯೇ ಮುಳುವಾಗಿತ್ತು. ಅವನನ್ನು ಹೊರಡಿಸಿದ್ದು ನನ್ನ ನೆನಪು.

ಹೆಸರುಗಳು ಮುಗಿದವು. ‘ಮುಂದುವರಿಸು’ ಎಂಬ ಗುಂಡಿ ಬಂತು. ಇನ್ನೇನು ಮುಂದುವರಿಯುವುದಿದೆ ಎಂದು ಖಾಜಾ ಅದನ್ನು ಒತ್ತಿದ.

ತೆರೆಯ ಮೇಲೆ ಕೋಟೆಯ ಬಾಗಿಲು. ಮುಚ್ಚಿದೆ. ಅದರ ಮುಂದೆ ನಾಯಕ, ನಾಯಕನ ಪಕ್ಕದಲ್ಲಿ ದೋಣಿಯಾಕಿ, ‘ಹೋಗೋಣವೇ?’ ಎಂದು ಕೇಳುತ್ತ ನಿಂತಿದ್ದಾಳೆ. ಇಂಥ ಆಟಗಳಲ್ಲಿ ಹೀಗೊಂದು ಏರ್ಪಾಡು ಉಂಟು. ಕತೆ ಮುಗಿದ ಮೇಲೆ ಅವು ನಮ್ಮನ್ನು ಕೊನೆಯ ಬಾಗಿಲಿಗಿಂತ ಒಂದು ಹೆಜ್ಜೆ ಹಿಂದೆ ತಂದು ಬಿಡುತ್ತವೆ.

“ಎದ್ಲು!” ಎಂದು ಕೂಗಿದೆ.

ಶಬಾನಾ ಒಳಗಿನಿಂದ ಓಡಿಬಂದರು. ಹಿರಿಯರು ಬಕೀಟಿನಿಂದ ಎದ್ದು, ಕೈಮುಗಿದು, “ದೇವರು ದೊಡ್ಡಾಂವ” ಎಂದರು. ರಬ್ಬರು ತೆಗೆದುಕೊಳ್ಳುವುದನ್ನು ಮರೆತು ಮತ್ತೆ ಕೂತರು.

ಶಬಾನಾ ಕೂಡಲೇ ವ್ಯವಹಾರಕ್ಕೆ ಇಳಿದರು. “ಇನ್ನೇನ್ರಿ, ಮತ್ತ ಊರಿಗಿ ಹೋಗ್ರಿ. ಮುದುಕಿ ಹತ್ರ ಔಷಧಿ ಇಸ್ಕೋರಿ, ಕಮ್ಮಾರನ ಹತ್ರ ಕತ್ತಿ ಇಸ್ಕೋರಿ. ಹೋಗಿ ಹೊಡೀರಿ ಅವನ್ನ. ಆಕಿಗಿ ಏನೂ ಆಗಾಂಗಿಲ್ಲ.”

ಆಟದಲ್ಲಿ ಅದಕ್ಕೆ ಅವಕಾಶವಿತ್ತು. ಕೊಟ್ಟದ್ದನ್ನು ಒಂದು ಗುಂಡಿ ಒತ್ತಿದರೆ ಮರಳಿ ಕೇಳಬಹುದು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪಾಪ, ಅವರಿಗೆ ಬೇಜಾರು ಮಾಡಿಕೊಳ್ಳಲು ಕಂಪನಿಯವರು ಕಲಿಸಿಲ್ಲ. ಆದರೆ ಖಾಜಾ ಕರೆಂಟು ಹೊಡೆದವನಂತೆ ಹಿಂದಕ್ಕೆ ಸರಿದ.

“ಕೊಟ್ಟಿದ್ದು ವಾಪಸ್ ಕೇಳ್ತಾರೇನು? ಯಾವ ಮಾರಿ ತಗೊಂಡು ಹೋಗ್ಲಿ?”

“ಹಂಗ ಮಾಡಬಾರದು” ಎಂದರು ಹಿರಿಯರು. ಸತ್ತವರಾರು, ಎದ್ದವರಾರು ಎಂದು ಅವರಿಗಿನ್ನೂ ತಿಳಿದಿರಲಿಲ್ಲ. ಇದು ಮಾತ್ರ ಅವರಿಗೆ ಗೊತ್ತಿದ್ದ ವಿಷಯ.

ಖಾಜಾ ನಿಧಾನವಾಗಿ ನನ್ನ ಕಡೆ ತಿರುಗಿದ. ಅವನ ಮುಖದ ಮೇಲೆ ನಗೆ ಮೂಡುತ್ತಿತ್ತು. ಆ ನಗೆ ನನಗೆ ಹಿಡಿಸಲಿಲ್ಲ.

“ಲೇ ಪ್ರೊಫೆಸರ್. ನೀ ಆಡಿದಾಗ ಆಕಿ ದಂಡಿಗಿ ನಗತಾ ನಿಂತಿದ್ಲು ಅಂದ್ಯಲ್ಲ?”

“ಹಂಗ ನೆನಪು. ಡೌಟ್ ಅದ ಅಂದ್ನೆಲ್ಲ.”

“ಡೌಟ್ ಯಾಕ? ನಿನ್ನ ನೆನಪು ಖರೇನ ಅದ. ಆಕಿ ಬದುಕಿದ್ಲಂದ್ರ ನಡುವ ಬರಲಿಲ್ಲ, ಅಂದ್ರ ನೀ ಬೀಳಲಿಲ್ಲ. ನೀ ಬೀಳಲಿಲ್ಲಂದ್ರ ನಿನ್ನ ಹತ್ರ ಔಷಧಿ ಇದ್ವು. ಔಷಧಿ ಇದ್ವಂದ್ರ ನೀ ಒಬ್ಬರಿಗೂ ಒಂದು ಶೀಸೆ ಕೊಟ್ಟಿಲ್ಲ.” ಅವನು ತೊಡೆ ತಟ್ಟಿಕೊಂಡ. “ಯಾರಿಗೂ ಹೇಳದ, ಏನೂ ಕೊಡದ ಸುಮ್ಮನ ಎದ್ದು ಹೋಗೀದಿ ನೀ. ಜಿಪುಣ ನನ ಮಗನ!”

“ಹೌದ್ರಿ ಅಣ್ಣಾರ?” ಎಂದು ಶಬಾನಾ ನನ್ನನ್ನು ಹೊಸದಾಗಿ ನೋಡಿದರು. ಹಿರಿಯರೂ ನೋಡಿದರು.

ತತ್ವಶಾಸ್ತ್ರದ ತರಗತಿಯಲ್ಲಿ ಅನುಮಾನ ಪ್ರಮಾಣಕ್ಕೆ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯುವುದಕ್ಕೆ, ನಾವು ಬೆಟ್ಟದ ಮೇಲಿನ ಹೊಗೆಯ ಉದಾಹರಣೆ ಕೊಡುತ್ತೇವೆ. ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ. ಖಾಜಾನ ವಾದ ಅದಕ್ಕಿಂತ ಗಟ್ಟಿಯಾಗಿತ್ತು. ದೋಣಿಯಾಕಿ ಬದುಕಿದ್ದಾಳೆ, ಆದ್ದರಿಂದ ನಾನು ಜಿಪುಣ. ಎಲ್ಲಿ ಬಿರುಕಿದೆ ಎಂದು ಹುಡುಕುತ್ತ ಕೂತೆ, ಸಿಗಲಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ನೆನಪಿಗೆ ಯಾರಾದರೂ ಮುದ್ರೆ ಒತ್ತಿ ಸರ್ಟಿಫಿಕೇಟು ಕೊಟ್ಟಿದ್ದರೆ ಅದು ಈ ಭಾಂಡೆ ಅಂಗಡಿಯಲ್ಲೇ. ಅದನ್ನು ಯಾರಿಗೂ ತೋರಿಸುವಂತಿಲ್ಲ.

ಖಾಜಾ ಆಗಲೇ ನಾಯಕನನ್ನು ಬಾಗಿಲಿನಿಂದ ಹಿಂದಕ್ಕೆ ತಿರುಗಿಸಿದ್ದ. “ಎಲ್ಲಿಗಿ ಹೊಂಟ್ರಿ?” ಎಂದರು ಶಬಾನಾ.

“ಜೌಗಿಗಿ. ಔಷಧಿ ಬೇರು ಅಲ್ಲೇ ಸಿಗ್ತಾವ. ಹೊಸದಾಗಿ ಕೂಡಸ್ತೀನಿ.”

“ಊರಾಗಿನ ಮಂದಿ ಕಂಡ್ರ? ಹೇಳಿ ಹೋಗೀರಿ ಮತ್ತ.”

“ಊರು ಬಳಸಿ ಹೋಗ್ತೀನಿ, ಯಾರಿಗೂ ಕಾಣಾಂಗಿಲ್ಲ. ಆಕಿ ದೋಣಿ ಅದ ಅಲ್ಲ.”

ದೋಣಿ ಹೊಳೆಗೆ ಇಳಿಯಿತು. ನಾಯಕ ದಾರಿ ತಪ್ಪಿದ. ಅವಳು ನಕ್ಕಳು. ಖಾಜಾನೂ ನಕ್ಕ, ಬೇರೆ ಯಾವ ಅವಸರವೂ ಇಲ್ಲದವನ ಹಾಗೆ. ಹಿರಿಯರಿಗೆ ಕೊನೆಗೂ ರಬ್ಬರು ಸಿಕ್ಕಿತು. ಆ ಆಟದ ಕೊನೆ ಆಡಿದವರಿಗೆ ತೃಪ್ತಿ ಕೊಡುತ್ತದೆಯೇ ಎಂದು ಮೊಬೈಲಿನಲ್ಲಿ ಜಗಳವಾಡುವವರಿಗೆ ನಾನು ಮಾನ್ವಿಯ ವರದಿ ಕಳಿಸಬೇಕೆಂದಿದ್ದೆ. ಕೊನೆ ಕೆಟ್ಟದಾಗಿದೆ, ಆಡುವವನು ಬಹಳ ಖುಷಿಯಾಗಿದ್ದಾನೆ ಎಂದು ಬರೆದರೆ ನಂಬುವವರು ಯಾರು? ಬರೆಯಲಿಲ್ಲ.

ರಾಯಚೂರಿಗೆ ಬಂದು ಗಿರಿಜಾಗೆ ಎಲ್ಲವನ್ನೂ ಹೇಳಿದೆ. ಆಕೆ ಖಾಜಾನ ವಾದವನ್ನು ಪೂರ್ತಿ ಕೇಳುವ ತಾಳ್ಮೆಯನ್ನೂ ತೋರಿಸಲಿಲ್ಲ, ಅರ್ಧಕ್ಕೇ ಒಪ್ಪಿಕೊಂಡಳು. “ಅದಕ್ಕ ಕಂಪ್ಯೂಟರ್ ಯಾಕ್ರೀ ಬೇಕಾಗಿತ್ತು? ನನ್ನ ಕೇಳಿದ್ರ ಹೇಳ್ತಿದ್ನೆಲ್ಲ” ಎಂದಳು.

ಆದ್ದರಿಂದ ಈಗ ನಾನು ಸಿಕ್ಕವರೆಲ್ಲರ ಮುಂದೆ ಬಲವಾಗಿ ವಾದಿಸುತ್ತಿದ್ದೇನೆ. ನೆನಪು ಪ್ರಮಾಣವಲ್ಲ, ನೈಯಾಯಿಕರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಔಷಧಿಯನ್ನೆಲ್ಲ ಊರಿಗೆ ಹಂಚಿಯೇ ಕೋಟೆಗೆ ಹೋಗಿದ್ದೆ. ಆ ದೋಣಿಯಾಕಿ ಖಂಡಿತವಾಗಿಯೂ ನನ್ನ ಕಣ್ಣೆದುರಿಗೇ ಸತ್ತಳು. ಪಾಪ, ಬಹಳ ಒಳ್ಳೆಯ ಹುಡುಗಿ.